ಕೊನೆಯ ಓದುಗ

ತೊಂದರೆ ಶುರುವಾದದ್ದು ಯಾರೂ ಮುಟ್ಟದ ಪುಸ್ತಕಗಳಿಂದ. ಗ್ರಂಥಾಲಯದ ಪರದೆಯಲ್ಲಿ ಪುಸ್ತಕದ ಹೆಸರು ಒತ್ತಿದರೆ ಅದನ್ನು ಕೊನೆಗೆ ಒಯ್ದವರ ಹೆಸರು ಬರಬೇಕು. ಆದರೆ ಯಾರೂ ಒಯ್ಯದ ಪುಸ್ತಕವನ್ನು ಒತ್ತಿದರೆ, ಖಾಲಿ ಪಟ್ಟಿಯಲ್ಲಿ ಕೊನೆಯ ಹೆಸರು ಹುಡುಕಲು ಹೋಗಿ ಪ್ರೋಗ್ರಾಂ ಮೊಂಡು ಎತ್ತಿನಂತೆ ಮಲಗಿಬಿಡುತ್ತಿತ್ತು.

ಅದನ್ನು ಸರಿಮಾಡಿದವನನ್ನು ಅವನ ಸಾಫ್ಟ್‌ವೇರ್ ಆಫೀಸಿನಲ್ಲಿ ಎಲ್ಲರೂ ‘ಜೋಪಾನ’ ಎನ್ನುತ್ತಿದ್ದರು. ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಬಂದು ಜಗ್ಗುವ ಪ್ರಾಣಿ. ಏನೂ ಸಿಗದಿದ್ದರೆ ಏನು ಮಾಡಬೇಕೆಂದು ಮೊದಲೇ ಹೇಳಿಸುವ ಫಂಕ್ಷನಲ್ ಪ್ರೋಗ್ರಾಮಿಂಗ್ ಅವನಿಗೆ ಹೇಳಿಮಾಡಿಸಿದ ವಿದ್ಯೆ. ಪಟ್ಟಿಯಲ್ಲಿ ಕೊನೆಯದು ಇದ್ದರೆ ಕೊಡು, ಇಲ್ಲದಿದ್ದರೆ ಬೀಳಬೇಡ, ಬದಲಿಗೆ ಇದನ್ನು ತೋರಿಸು ಎಂದು ಅಚ್ಚುಕಟ್ಟಾಗಿ ಬರೆದ. ಪರೀಕ್ಷೆಗೆಂದು ಬದಲಿಯ ಜಾಗದಲ್ಲಿ ತನ್ನ ಹೆಸರನ್ನೇ ಹಾಕಿದ. ತೆಗೆಯುವುದನ್ನು ಮರೆತ.

ಮರುದಿನ ಬೆಳಿಗ್ಗೆಯೇ ಗ್ರಂಥಪಾಲಕಿಯ ಫೋನು. “ಏನ್ರೀ, ಅರ್ಧ ಲೈಬ್ರರಿ ನೀವೊಬ್ರೇ ಓದಿಬಿಟ್ಟಿದ್ದೀರಲ್ಲ! ಲಾರಿ ತಂದಿದ್ರಾ?”

ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿದ. ದಾರಿಯಲ್ಲಿ, ಆಗಲೇ ಕೆಲಸಕ್ಕೆ ಹೋಗಿದ್ದ ಹೆಂಡತಿಯ ಫೋನು.

“‘ಎರಡನೇ ಮದುವೆ: ಕಾನೂನು ಏನು ಹೇಳುತ್ತದೆ’ ಅನ್ನೋ ಪುಸ್ತಕ ನೀವು ಓದಿದ್ದೀರಂತೆ. ಪಕ್ಕದ್ಮನೆ ಅಂಕಲ್ ಲೈಬ್ರರಿಯಿಂದ ಫೋನ್ ಮಾಡಿ ನಂಗೆ ಸಮಾಧಾನ ಹೇಳಿದ್ರು.”

“ಅಯ್ಯೋ, ಅದು ಪರೀಕ್ಷೆಗೆ ಹಾಕಿದ ಹೆಸರು ಕಣೇ!”

“ಹಾಗೇ ಅಂದ್ಕೊಂಡೆ. ಮತ್ತೆ, ಕಾನೂನು ಏನ್ ಹೇಳತ್ತಂತೆ?”

ಆ ದನಿಯಲ್ಲಿ ಇದ್ದದ್ದು ನಗುವೋ ಕತ್ತಿಯೋ ಅವನಿಗೆ ತಿಳಿಯಲಿಲ್ಲ.

ಗ್ರಂಥಾಲಯದಲ್ಲಿ ಪಕ್ಕದ್ಮನೆ ಅಂಕಲ್ ಪರದೆಯ ಮುಂದೆ ಸಭೆ ಸೇರಿಸಿದ್ದರು. “‘ಕುರಿಗಳ ಚರ್ಮರೋಗ’ವನ್ನೂ ಓದಿದ್ದಾನೆ, ನೋಡಿ. ಮದುವೆಗೂ ಇದಕ್ಕೂ ಏನೋ ಸಂಬಂಧ ಇದೆ!”

ಜೋಪಾನ ಅವರನ್ನು ಸರಿಸಿ ಕೀಲಿಮಣೆಯ ಮುಂದೆ ಕೂತ. ಹೆಸರು ಅಳಿಸಬೇಕು, ಅಷ್ಟರಲ್ಲಿ ಭುಜದ ಮೇಲೊಂದು ಕೈ ಬಂತು. ಕೈಚೀಲ ಹಿಡಿದ, ಗಡಿಯಾರ ರಿಪೇರಿ ಮಾಡುವ ಅಜ್ಜ. ಬದುಕಿನಲ್ಲಿ ಒಂದೇ ಒಂದು ಕಾದಂಬರಿ ಬರೆದು, ಅದನ್ನು ಯಾರಾದರೂ ಒಯ್ದರೇ ಎಂದು ವಾರವಾರವೂ ಬಂದು ವಿಚಾರಿಸುತ್ತಿದ್ದವರು.

“ನನ್ನ ಪುಸ್ತಕ ಒಯ್ದವರು ನೀವೇನಾ?”

ಅಜ್ಜನ ಬೆನ್ನ ಹಿಂದಿನಿಂದ ಗ್ರಂಥಪಾಲಕಿ ಕೈಮುಗಿದು, ಹೌದೆನ್ನಿ ಎಂದು ಸನ್ನೆ ಮಾಡಿದರು.

“ಹೌ... ಹೌದು ಸರ್.”

“ಯಾವ ಭಾಗ ಹಿಡಿಸ್ತು?”

ಯಾವ ಪುಸ್ತಕಕ್ಕಾದರೂ ಇರಲೇಬೇಕಾದದ್ದನ್ನು ಯೋಚಿಸಿ ಜೋಪಾನ ಹೇಳಿದ, “ಕೊನೇ ಅಧ್ಯಾಯ ಸರ್. ಅದ್ಭುತ!”

ಅಜ್ಜನ ನಗು ಅಲ್ಲೇ ನಿಂತಿತು. “ಕೊನೇ ಅಧ್ಯಾಯ ಬರೆಯೋಕೆ ನನ್ ಕೈಲಿ ಆಗಲೇ ಇಲ್ವಲ್ಲ. ಅದಿಲ್ಲದೇನೇ ಅಚ್ಚು ಹಾಕಿಸಿದ್ದು.”

ಜೋಪಾನ ತೊದಲುತ್ತಾ ಎಲ್ಲವನ್ನೂ ಒಪ್ಪಿಕೊಂಡ. ಅಜ್ಜ ಕನ್ನಡಕ ತೆಗೆದು ಒರೆಸಿದರು. “ಹಾಗಾದ್ರೆ ಯಾರೂ ಓದಿಲ್ಲ ಅನ್ನಿ.”

ಆ ಮಾತನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಕಪಾಟಿನಿಂದ ಆ ತೆಳ್ಳನೆಯ ಪುಸ್ತಕ ಎಳೆದು, ಧೂಳು ಊದಿ, ಅಲ್ಲೇ ಓದಲು ಕೂತ. ಅಜ್ಜ ಎದುರು ಕೂತು ಅವನ ಮುಖವನ್ನೇ ನೋಡುತ್ತಿದ್ದರು. “ಅಲ್ಲಿ ನಗಬೇಕಿತ್ತು,” ಎಂದು ಆಗಾಗ ನೆನಪಿಸುತ್ತಿದ್ದರು.

ಕಾದಂಬರಿಯಲ್ಲಿ, ಸಣ್ಣ ಮಾತಿಗೆ ಮುನಿಸಿಕೊಂಡು ಹೋದ ಹೆಂಡತಿ. ಅವಳಿಗಾಗಿ ಬಾಗಿಲಿಗೆ ಅಗುಳಿ ಹಾಕದೆ ಮಲಗುವ ಗಂಡ. ಓದುತ್ತಾ ಓದುತ್ತಾ ಜೋಪಾನ ಊಟ ಮರೆತ, ಪರದೆ ಮರೆತ. ಕೊನೆಯ ಪುಟದಲ್ಲಿ ಯಾರೋ ಬಾಗಿಲು ತಳ್ಳಿದ ಸದ್ದು. ಥಟ್ಟನೆ ಹಾಳೆ ತಿರುಗಿಸಿದರೆ ಬರೀ ಬಿಳಿ.

“ಬಂದವರು ಯಾರು ಸರ್? ಅವಳೇ ತಾನೇ?” ಜೋಪಾನ ಪುಸ್ತಕ ಹಿಡಿದೇ ಎದ್ದು ನಿಂತ.

“ಅದು ತಿಳೀದೇ ಅಲ್ವೇ ನಾನು ನಿಲ್ಲಿಸಿದ್ದು?” ಅಜ್ಜ ಚೀಲದಿಂದ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು. “ಕೊನೇ ಅಧ್ಯಾಯ ಅದ್ಭುತ ಅಂದಿದ್ರಲ್ಲ. ನಿಧಾನವಾಗಿ ಹೇಳಿ, ಬರ್ಕೋತೀನಿ.”

ಅಂಕಲ್ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. ಅದೇ ಹೊತ್ತಿಗೆ ಆಫೀಸಿನಿಂದ ಮ್ಯಾನೇಜರರ ಫೋನು.

“ಏನಯ್ಯಾ, ಬೆಳಿಗ್ಗೆ ಹೋದವನು ಇನ್ನೂ ಅಲ್ಲೇ ಇದ್ದೀಯಾ? ಏನ್ ತೊಂದರೆ?”

ಜೋಪಾನ ಅಂಗೈಯಿಂದ ಕಣ್ಣೊರೆಸಿಕೊಂಡ.

“ಕೊನೆಯದು ಸಿಗ್ತಾ ಇಲ್ಲ ಸರ್.”