ಇಡಾಕ ಅಗ್ಗ, ತಗಿಯಾಕ ತುಟ್ಟಿ

ಅಗ್ಗ ಎಂದೊಡನೆ ನನಗೆ ಮುಂದಿನ ಮಾತು ಕೇಳಿಸುವುದಿಲ್ಲ. ಸಂತೆಯಲ್ಲಿ ಈ ಕಿವುಡು ಹುಳುಕು ಬದನೆಕಾಯಿಗೆ ಮುಗಿಯುತ್ತಿತ್ತು. ಕ್ಲೌಡಿನ ವಿಷಯದಲ್ಲಿ ಸ್ವಲ್ಪ ದೂರ ಹೋಯಿತು.

ನನ್ನ ಯಜಮಾನರು ರಾಯಚೂರಿನಲ್ಲಿ ಮದುವೆ ವಿಡಿಯೋ ತೆಗೆಯುವವರು. ದೇವದುರ್ಗ, ಮಾನ್ವಿ, ಸಿರವಾರ, ಎಲ್ಲಿ ಹಂದರ ಎದ್ದರೂ ಇವರ ಕ್ಯಾಮೆರಾ ಹಾಜರು. ಕಪಾಟಿನ ಹಾರ್ಡ್ ಡಿಸ್ಕುಗಳು ಒಂದೊಂದಾಗಿ ಕೆಡತೊಡಗಿದಾಗ ಎಲ್ಲವನ್ನೂ ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನ ಬಾಡಿಗೆ ಗೋದಾಮಿಗೆ, ಏರಿಸುವುದೆಂದಾಯಿತು. ಇವರು ಎರಡು ಕಂಪನಿಗಳ ದರ ಹೋಲಿಸಿ ನೋಡಿದರು.

"ಒಂದರಾಗ ಬಾಡಿಗಿ ಜಾಸ್ತಿ, ಬೇಕಂದಾಗ ಪುಕ್ಕಟ ತಗೋಬೌದು. ಇನ್ನೊಂದರಾಗ ಇಡಾಕ ಅಗ್ಗ, ಹೊರಗ ತಗಿಯಾಕ ತುಟ್ಟಿ. ವಿಚಾರ ಮಾಡು."

"ಮದಿವಿ ವಿಡಿಯೋ ಯಾರ ಎರಡನೇ ಸಲ ನೋಡ್ತಾರ್ರೀ? ಅಗ್ಗದ್ರಾಗ ಹಾಕ್ರಿ," ಎಂದೆ. ಇವರು ಒಂದೊಂದು ವರ್ಷದ ಮದುವೆಗಳನ್ನೆಲ್ಲ ಒಂದೇ ಫೈಲಿನಲ್ಲಿ ಗಂಟು ಕಟ್ಟಿ ಏರಿಸಿದರು.

ಕೆಲವು ತಿಂಗಳ ಮೇಲೆ ಮಾನ್ವಿಯಿಂದ ಖೈರುನ್ ಬಂದಳು. ದೇವದುರ್ಗದ ಹುಡುಗಿ, ಮಾನ್ವಿಗೆ ಕೊಟ್ಟದ್ದು; ಅವಳ ನಿಕಾಹ್ ವಿಡಿಯೋ ತೆಗೆದವರು ಇವರೇ. ನೀರು ಕುಡಿದು ಮೆಲ್ಲಗೆ ಹೇಳಿದಳು: "ಅಣ್ಣಾರ, ನಮ್ಮ ಅಬ್ಬಾ ತೀರಕೊಂಡ್ರು. ಫೋಟೋ ಅದಾವ, ದನಿ ಎಲ್ಲೂ ಇಲ್ಲ. ನಮ್ಮ ಸೀಡಿ ಕೆಟ್ಟ ಹೋಗ್ಯದ. ನಿಮ್ಮ ಹತ್ರ ಇರಬೌದೇನ್ರಿ?"

ಅವಳ ನಿಕಾಹ್ ಬೇಕೆಂದರೆ ಇಡೀ ವರ್ಷದ ಗಂಟನ್ನೇ ಇಳಿಸಬೇಕು. ಇವರು ನನ್ನ ಮುಖ ನೋಡಿದರು. ನಾನು ಚಹಾ ಇಡಲು ಎದ್ದು, ಒಳಗಿನಿಂದಲೇ "ಇಳಸ್ರಿ" ಎಂದು ಕೂಗಿದೆ.

ಸಂಜೆಗೆ ಇಳಿಯಿತು. ಬಣ್ಣದ ಕಾಗದದ ಸರಪಳಿ, ಮಡಿಸುವ ಕಬ್ಬಿಣದ ಕುರ್ಚಿಗಳು, ಕ್ಯಾಮೆರಾ ಕಂಡೊಡನೆ ಅಗಿಯುವುದನ್ನೇ ನಿಲ್ಲಿಸುವ ಬೀಗರು, ಆಮೇಲೆ ಅಬ್ಬಾ. ಮಗಳನ್ನು ಹರಸುತ್ತಾರೆಂದು ನಾವು ಉಸಿರು ಹಿಡಿದರೆ, ಅವರು ಬಿರಿಯಾನಿ ಹಂಡೆಯ ಮುಂದೆ ಅಡುಗೆಯವನನ್ನು ಗದರುತ್ತಿದ್ದರು: "ನಮಕ್ ಕಮ್ ಹೈ ರೇ! ಕಿತ್ತೇ ಬಾರ್ ಬೋಲ್ನಾ ತೇರೇಕು?"

ಖೈರುನ್ ನಗುತ್ತಲೇ ಅತ್ತಳು. "ಮನಿಗೆ ಬಂದಾಗೊಮ್ಮಿ ನನ್ನ ಸಾರಿಗೂ ಹಿಂಗ ಉಪ್ಪು ಕಮ್ಮಿ ಅಂತಿದ್ರು. ಇನ್ನೊಮ್ಮಿ ಹಚ್ಚರಿ ಅಣ್ಣಾರ."

ಹೊರಡುವಾಗ ಖರ್ಚು ಕೇಳಿದಳು. "ತವರಿಗಿ ಬಂದು ಲೆಕ್ಕ ಕೇಳ್ತೀಯೇನವಾ?" ಎಂದು ಇವರೂ ಗದರಿದರು.

ಕಂಪನಿಯ ಬಿಲ್ಲು ಬಂತು; ಅಗ್ಗದ ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಒಂದೇ ಸಲಕ್ಕೆ ಹೋಗಿತ್ತು. ರೊಕ್ಕ ಕೊಟ್ಟು ಇಳಿಸಿದ್ದನ್ನು ಬಿಡುವುದುಂಟೇ? ಉಳಿದ ಮದುವೆಗಳನ್ನೂ ನೋಡುತ್ತ ಕುಳಿತೆ. ಆ ದಿನಗಳಲ್ಲಿ ಇವರಿಗೆ ಲೈಟು ಹಿಡಿಯುತ್ತಿದ್ದವಳು ನಾನು. ಊರ ಮಂದಿಗೆಲ್ಲ ಬೆಳಕು ಬಿಟ್ಟು ನಾನೇ ಎಲ್ಲೂ ಇಲ್ಲವಲ್ಲ ಎಂದು ಇವರ ಮುಂದೆ ಗೊಣಗುವಾಗ ಕಣ್ಣು ತೇವವಾಯಿತು. ಅಷ್ಟರಲ್ಲಿ ಅರಕೇರಾದ ಮದುವೆಯೊಂದರಲ್ಲಿ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ, ನಾನು ಹಿಡಿದ ಬೆಳಕು ಮೆಲ್ಲಗೆ ಪಕ್ಕಕ್ಕೆ ವಾಲಿತು. ವಧೂವರರು ಕತ್ತಲಾದರು, ಅಡುಗೆಯ ಚಪ್ಪರ ಝಗ್ಗನೆ ಬೆಳಗಿತು. ಅಲ್ಲಿಂದ ಜಿಲೇಬಿಯ ತಟ್ಟೆ ಹೊರಟಿತ್ತು.

ಇವರು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಅಳಬ್ಯಾಡ. ನೋಡು, ಇಲ್ಲಿ ಅದೀ ನೀನು."