ಮಂಚದ ಕೆಳಗಿನ ಬಾಡಿಗೆದಾರರು

ಅನಾಟಮಿ ಓದುತ್ತಿದ್ದೇನೆ ಎಂದು ಯಾರಿಗಾದರೂ ಹೇಳಿ ನೋಡಿ, ಏನಾದರೊಂದು ಆಗಿಯೇ ತೀರುತ್ತದೆ. ಎಂ.ಎಸ್ಸಿ. ಮಾಡುವಾಗ ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆಗಿದ್ದ ನನಗಂತೂ ತಲೆ ಚಚ್ಚಿಕೊಂಡೇ ಸಾಕಾಗಿತ್ತು.

1. ಮೊಣಕಾಲು

ಓನರ್ ಆಂಟಿ ಆ ಊರಿನ ಹಳೇ ರೈತರ ಮನೆಯವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರಂತಸ್ತು ಕಟ್ಟಿಸಿದ್ದರು. ಷರತ್ತು ಒಂದೇ. "ಒಬ್ಳೇ ಇರ್ಬೇಕು ಕಣವ್ವ. ಇನ್ನೊಬ್ರನ್ನ ಇಟ್ಕೊಂಡ್ರೆ ಅವತ್ತೇ ಖಾಲಿ ಮಾಡ್ಬೇಕು." ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ ಬೇರೆ ರೂಮು ಇರಲಿಲ್ಲ. ಒಪ್ಪಿದೆ.

ಅನಾಟಮಿ ಎಂದು ಕೇಳಿದ್ದೇ ತಡ, ಮಾರನೇ ದಿನವೇ ಆಂಟಿ ಬಂದು ಮೊಣಕಾಲು ಚಾಚಿ ಕೂತರು.

"ನಾನು ಡಾಕ್ಟರ್ ಅಲ್ಲ ಆಂಟಿ. ದೇಹದೊಳಗೆ ಏನೇನಿದೆ ಅಂತ ಓದ್ತೀನಿ ಅಷ್ಟೇ."

"ಔದಾ? ಇದ್ರೊಳ್ಗೆ ಏನೈತೆ ಯೋಳು."

ಮೂಳೆ, ಮೆದು ಮೂಳೆ, ಚಿಪ್ಪು, ಅವನ್ನು ಕಟ್ಟಿಹಿಡಿಯುವ ಪಟ್ಟಿ, ಎಲ್ಲವನ್ನೂ ಚಿತ್ರ ಬರೆದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಆಂಟಿ ಎಂದರು: "ಎಲ್ಲಾ ಸರ್ಯಾಗೇ ಐತಲ್ಲ. ಮತ್ಯಾಕ್ ನೋಯ್ತದೆ?"

2. ಸಾಕಿದ ಜೀವಗಳು

ನನ್ನ ಪ್ರಾಜೆಕ್ಟು ಲ್ಯಾಬಿನಲ್ಲಿ ಜೀವಕೋಶ ಬೆಳೆಸುವುದು. ಹಬ್ಬವಿರಲಿ ಭಾನುವಾರವಿರಲಿ, ಹೋಗಿ ಅವಕ್ಕೆ ಪೋಷಕ ದ್ರವ ಬದಲಿಸಲೇಬೇಕು. ಗೌರಿ ಹಬ್ಬದ ದಿನ ಆಂಟಿ ಗೇಟಿನಲ್ಲಿ ಹಿಡಿದು ನಿಲ್ಲಿಸಿದರು.

"ಅಬ್ಬದ್ ದಿನ ಎಲ್ಲಿಗವ್ವ?"

"ಜೀವಕೋಶ ಸಾಕಿದೀನಿ ಆಂಟಿ. ಊಟ ಹಾಕ್ಬೇಕು."

ಎರಡು ಹಸು ಕಟ್ಟಿದ್ದವರಿಗೆ ಈ ಕಷ್ಟ ತಕ್ಷಣ ಅರ್ಥವಾಯಿತು. "ಆಲು ಕೊಡ್ತವಾ?"

"ಇಲ್ಲ."

"ಸಗಣಿ?"

"ಇಲ್ಲ. ಪ್ರಾಜೆಕ್ಟ್ ಮುಗಿದ್ಮೇಲೆ ಎಸೆದುಬಿಡ್ತೀವಿ."

ಆಂಟಿ ಗಲ್ಲಕ್ಕೆ ಕೈ ಹಚ್ಚಿದರು. "ಇದನ್ನ ಫೀಸ್ ಕಟ್ಟಿ ಕಲೀತಿದೀಯಾ?"

3. ಪಂಚೆಯೋ ಸೀರೆಯೋ

ನಮ್ಮಲ್ಲಿ ಓದಲು ಬೇಕಾದ ಮೂಳೆಗಳು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕೈ ಬದಲಾಗುತ್ತಾ ಬರುತ್ತವೆ. ನನ್ನವು ಮಂಚದ ಕೆಳಗೆ ಚೀಲದಲ್ಲಿದ್ದವು. ಪರೀಕ್ಷೆ ಹತ್ತಿರವಾಗಿತ್ತು. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಕಟ್ಟಡವನ್ನೆಲ್ಲ ಗುಡಿಸುತ್ತಾ ಬಂದ ಆಂಟಿ ಪೊರಕೆಯಲ್ಲಿ ಆ ಚೀಲ ಎಳೆದರು. ತಲೆಬುರುಡೆ ಉರುಳಿಕೊಂಡು ಅವರ ಕಾಲ ಬಳಿ ನಿಂತಿತು.

ನನ್ನ ಕಥೆ ಮುಗಿಯಿತು ಅಂದುಕೊಂಡೆ. ಪರೀಕ್ಷೆ ಇಟ್ಟುಕೊಂಡು ರೂಮು ಎಲ್ಲಿ ಹುಡುಕುವುದು?

"ಒಬ್ಳೇ ಇರ್ತೀನಿ ಅಂದಿದ್ದೆ," ಎಂದರು ಆಂಟಿ.

"ಓದೋಕೆ ಆಂಟಿ. ಸೀನಿಯರ್ ಕೊಟ್ಟಿದ್ದು."

"ಯಾರ್ದಿದು?"

"ಯಾರಿಗೂ ಗೊತ್ತಿಲ್ಲ."

"ಅಯ್ಯೋ ಪಾಪ. ನಾಳೆ ನಮ್ಮಿರೀಕರಿಗೆಲ್ಲ ಎಡೆ ಇಕ್ತೀವಿ. ನಮ್ಮನೇಲೇ ಇರೋರು ಉಪಾಸ ಇರೋದಾ?"

ಹಿರಿಯರ ಎಡೆಯ ಮುಂದೆ ಹೊಸ ಬಟ್ಟೆ ಇಡಬೇಕು. ಹಾಗಾಗಿ ಮುಂದಿನ ಪ್ರಶ್ನೆ ಬಂತು: "ಗಂಡಾ ಎಣ್ಣಾ? ಪಂಚೆ ಇಕ್ಲಾ ಸೀರೆ ಇಕ್ಲಾ?"

ಸೊಂಟದ ಮೂಳೆ ನೋಡಿ ಹೇಳಬಹುದು; ಹೆಣ್ಣಿನದಾದರೆ ಅದರ ಅಂಚಿನ ಕಚ್ಚು ಅಗಲ, ಹೆಬ್ಬೆರಳು ಸಲೀಸಾಗಿ ಆಡುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ, ಹೆಬ್ಬೆರಳಿಟ್ಟು ನೋಡಿದೆ. "ಹೆಣ್ಣಿರ್ಬೇಕು ಆಂಟಿ."

"ಇರ್ಬೇಕು ಅಂದ್ರೆ? ಸರ್ಯಾಗಿ ನೋಡಿ ಯೋಳವ್ವ, ಆವಮ್ಮಂಗೆ ಪಂಚೆ ಇಕ್ಕಿ ಬೈಸ್ಕೊಳಕಾಯ್ತದಾ?"

ಮೂರು ಸಲ ನೋಡಿ ಸೀರೆ ಎಂದೆ. ಮಾರನೇ ದಿನ ಕೋಳಿ ಸಾರು, ಮುದ್ದೆ, ವಡೆಯ ಎದುರು ಹೊಸ ಸೀರೆ ಇಟ್ಟು ಆಂಟಿ ಕೈ ಮುಗಿದರು. ನನ್ನಿಂದಲೂ ಕೈ ಮುಗಿಸಿದರು. ಆಮೇಲೆ ತೀರ್ಪು ಕೊಟ್ಟರು: "ಆವಮ್ಮನೂ ಇರ್ಲಿ. ಆದ್ರೆ ಮೂರ್ನೇವ್ರು ಬ್ಯಾಡ."

ರೂಮು ಉಳಿಯಿತು. ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಂದು ಸೊಂಟದ ಮೂಳೆ ಕೈಗಿಟ್ಟು, "ಗಂಡೋ, ಹೆಣ್ಣೋ?" ಎಂದರು.

ಹೆಬ್ಬೆರಳಿಟ್ಟು ನೋಡಿದೆ. ಈ ಸಲ ಒಂದಿಷ್ಟೂ ಅನುಮಾನವಿರಲಿಲ್ಲ.

"ಸೀರೆ, ಸಾರ್," ಎಂದೆ.