ಕ್ಯಾರಲ್ ಹಾಡುಗಳ ಮೂಲ, ಪುಟ್ಟೇನಹಳ್ಳಿಯ ಪ್ರಕಾರ

ದಕ್ಷಿಣ ಬೆಂಗಳೂರಿನಲ್ಲಿ ಕ್ರಿಸ್‌ಮಸ್ ಹಾಡುಗಳ ಮೂಲವನ್ನು ಬಲ್ಲವರಿಗೆ ಕೊರತೆಯಿಲ್ಲ. ಬಲ್ಲವರೆಲ್ಲರೂ ತಪ್ಪಾಗಿ ಬಲ್ಲರು ಎಂಬುದಷ್ಟೇ ತೊಂದರೆ. ನಾನು ಸಂಗೀತದಲ್ಲಿ ಎಂ.ಎ. ಮಾಡಿದವಳು, ನನ್ನ ಪ್ರಬಂಧದ ವಿಷಯವೇ ಕ್ಯಾರಲ್ ಹಾಡುಗಳ ಧಾಟಿ ಎಲ್ಲಿಂದ ಬಂತು ಎಂಬುದು. ಆದ್ದರಿಂದ ಡಿಸೆಂಬರ್ ಬಂತೆಂದರೆ ಇಂಥವರು ನನ್ನನ್ನು ಹುಡುಕಿಕೊಂಡೇ ಬರುತ್ತಾರೆ.

ಷರತ್ತು

ಜೆ.ಪಿ. ನಗರದಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿರುವ ಸಂಗೀತ ಶಾಲೆಯಲ್ಲಿ ನಾನು ತಾತ್ಕಾಲಿಕ ಶಿಕ್ಷಕಿ. ಕಳೆದ ತಿಂಗಳು ವಿದ್ಯಾರ್ಥಿನಿಯೊಬ್ಬಳ ತಾಯಿ, ಮಗಳು ನುಡಿಸುತ್ತಿದ್ದ ಕ್ಯಾರಲ್ ಯಾವುದೋ ಹಿಂದಿ ಚಿತ್ರದ್ದು ಎಂದರು. ಅದು ಎಷ್ಟು ಹಳೆಯದು, ಯಾವ ಸೀಮೆಯದು ಎಂಬುದನ್ನು ನಾನು ನಲವತ್ತು ನಿಮಿಷ ವಿವರಿಸಿದೆ. ಮರುದಿನ ಶಾಲೆಯ ಮಾಲೀಕರು ನನ್ನನ್ನು ಕರೆಸಿದರು.

"ನೀವು ಹೇಳಿದ್ದು ಸರಿ ಇರ್ಬೋದು ಮೇಡಂ. ಆದ್ರೆ ಆ ಮಗು ಈಗ ಮುಂದಿನ ಕ್ರಾಸ್‌ನಲ್ಲಿ ಕೀಬೋರ್ಡ್ ಕಲೀತಿದೆ."

ಅವರು ಮೇಜಿನ ಮೇಲಿನ ಡೈರಿ ತೆರೆದರು.

"ಪುಟ್ಟೇನಹಳ್ಳಿ ಅಪಾರ್ಟ್‌ಮೆಂಟಿನವರು ಕ್ರಿಸ್‌ಮಸ್‌ಗೆ ಹಾಡು ಕಲಿಸಿ, ಒಂದು ಕ್ವಿಜ್ ಮಾಡಿ ಅಂದಿದಾರೆ. ಹಾಡು ಗುರುತಿಸೋದು, ಮೂಲ ಹೇಳೋದು. ನೀವೇ ಹೋಗಿ. ಕಾರ್ಯಕ್ರಮ ಮುಗಿಯೋವರ್ಗೂ ಯಾರನ್ನೂ ತಿದ್ದಬೇಡಿ. ಹಂಗಿದ್ರೆ ಜನವರಿಯಿಂದ ನಿಮ್ಮನ್ನ ಪರ್ಮನೆಂಟ್ ಮಾಡ್ತೀನಿ. ಇದು ನನ್ನ ಸಜೆಶನ್ ಅಷ್ಟೆ."

"ಅದು ಸಜೆಶನ್ ಅಲ್ಲ ಸಾರ್. ಷರತ್ತು."

ಅವರು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡರು. "ಆಯ್ತು. ಇವತ್ತಿಂದು ಲೆಕ್ಕಕ್ಕಿಲ್ಲ. ನಾಳೆಯಿಂದ."

ಕರೆಗಂಟೆ

ಬಿಟಿಎಂ ಲೇಔಟ್‌ನಲ್ಲಿ ನಾನಿರುವ ಬಾಡಿಗೆ ಮನೆಯ ಯಜಮಾನರು, ಈಗ ಕಟ್ಟಡಗಳಿರುವ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೆದವರು. ಅವರ ಮನೆಯ ಕರೆಗಂಟೆ ಒತ್ತಿದಾಗಲೆಲ್ಲ ಬೇರೆ ಬೇರೆ ಧಾಟಿ ನುಡಿಯುತ್ತಿತ್ತು.

"ಏನಮ್ಮ, ಸಂಗೀತ ಓದಿರೋಳಲ್ವಾ ನೀನು? ಈ ನಿಧಾನಕ್ಕೆ ಎಳೀತದಲ್ಲ, ಇದು ಯಾವ ದೇವರ ಹಾಡು ಹೇಳು."

ಕೇಳಿದ್ದಕ್ಕೆ ಉತ್ತರಿಸುವುದು ತಿದ್ದುವುದಾಗದು. ಅದು ಕ್ರಿಸ್‌ಮಸ್ ಹಾಡು, ದೂರದೇಶದ ಹೊಳೆದಂಡೆಯ ಊರಿನ ಪುಟ್ಟ ಚರ್ಚಿನಲ್ಲಿ ಗಿಟಾರಿನೊಂದಿಗೆ ಮೊದಲು ಹಾಡಿದ್ದು, ಅದರ ನಡೆ ಜೋಗುಳದ್ದು ಎಂದೆ.

"ಜೋಗುಳನಾ?" ಅವರು ಗಂಟೆಯತ್ತ ತಿರುಗಿದರು. "ಅದಕ್ಕೇ ಕಣಮ್ಮ. ಈ ಹಾಡು ಹೊಡೆದಾಗ ಬಂದ ನೆಂಟರು ಉಂಡು ಇಲ್ಲೇ ಮಲಗಿಬಿಡ್ತಾರೆ. ಹೋದ ವಾರ ನನ್ನ ಬಾಮೈದ ಮೂರು ದಿನ ಎದ್ದಿಲ್ಲ."

ಮರುದಿನವೇ ಬಾಗಿಲಿಗೆ ಹೊಸ ಕರೆಗಂಟೆ ಬಂತು. ಅದು ಕಾಗೆಯಂತೆ ಅರಚುತ್ತದೆ. ಬಾಮೈದ ಆಮೇಲೆ ಬಂದಿಲ್ಲ.

ಚಳಿ ದೇಶ

ಪುಟ್ಟೇನಹಳ್ಳಿಯ ಆ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು ನಿವೃತ್ತ ಬ್ಯಾಂಕ್ ಅಧಿಕಾರಿ. ಜಯನಗರದಲ್ಲಿ ಬೆಳೆದವರು, ರಾಮೋತ್ಸವದ ಸಂಗೀತ ಕಚೇರಿಗಳಲ್ಲಿ ಮುಂದಿನ ಸಾಲು ಬಿಟ್ಟುಕೊಟ್ಟವರಲ್ಲ. ಕ್ವಿಜ್‌ಗೆ ತೀರ್ಪುಗಾರರು ಅವರೇ ಎಂದು ಅವರೇ ತೀರ್ಮಾನಿಸಿದ್ದರು.

ಮೊದಲ ದಿನದ ಅಭ್ಯಾಸದಲ್ಲಿ ಒಂದು ಕ್ಯಾರಲ್ ನುಡಿಸಿದೆ. ಅವರು ಕಣ್ಣು ಮುಚ್ಚಿ, "ಶಂಕರಾಭರಣ," ಎಂದರು. ಎರಡನೆಯದಕ್ಕೂ, "ಶಂಕರಾಭರಣ." ಮೂರನೆಯದಕ್ಕೆ ನನ್ನ ಬೆರಳು ಕೀಬೋರ್ಡ್ ಮುಟ್ಟುವ ಮೊದಲೇ, "ಶಂಕರಾಭರಣ."

ಆ ರಾಗದ ಸ್ವರಗಳ ಮಟ್ಟಿಗೆ ಅವರ ಮಾತು ಸರಿಯಾಗಿಯೇ ಇತ್ತು. ನನ್ನನ್ನು ಹೆಚ್ಚು ಕೆರಳಿಸಿದ್ದು ಅದೇ. ಬೇಕೆಂದೇ ಬಹು ಹಳೆಯ, ವಿಷಾದದ ಛಾಯೆಯ, ಸಾಧಾರಣ ಗಾಂಧಾರದ ಒಂದು ಕ್ಯಾರಲ್ ಆರಿಸಿ ನುಡಿಸಿದೆ. ಶಂಕರಾಭರಣದ ಗಾಂಧಾರ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು, ಆದ್ದರಿಂದ ಅದರಲ್ಲಿ ಆ ರಾಗ ಇರಲು ಸಾಧ್ಯವೇ ಇಲ್ಲ.

ಅಧ್ಯಕ್ಷರು ಹಣೆ ಗಂಟಿಕ್ಕಿದರು. ಆಮೇಲೆ ಮುಖದಲ್ಲಿ ಕರುಣೆ ಮೂಡಿತು. "ಇದೂ ಶಂಕರಾಭರಣವೇ. ಪಾಪ, ಅವರಿಗೆ ಗಾಂಧಾರ ಹಿಡಿಯಕ್ಕೆ ಬಂದಿಲ್ಲ."

ಐದು ವರ್ಷಗಳ ವ್ಯಾಸಂಗ ನನ್ನ ಗಂಟಲವರೆಗೆ ಬಂತು. ಜನವರಿಯನ್ನು ನೆನೆದು ನುಂಗಿಕೊಂಡೆ.

"ಚಳಿ ದೇಶ ಸಾರ್," ಎಂದೆ.

ವಾಚ್‌ಮನ್

ಎರಡನೆಯ ಅಭ್ಯಾಸ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನಡೆಯಿತು. ಮೇಲಿನ ಸಭಾಂಗಣವನ್ನು ಯೋಗ ತರಗತಿಯವರು ಹಿಡಿದಿದ್ದರು. ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ಎತ್ತಿಕೊಂಡೆ. ಹಿಮದ ಮೇಲೆ ಕುದುರೆ ಎಳೆಯುವ ಜಾರುಬಂಡಿಯ ಹಾಡು ಅದು. ಹುಟ್ಟಿದ್ದು ಕ್ರಿಸ್‌ಮಸ್‌ಗಾಗಿ ಅಲ್ಲವೇ ಅಲ್ಲ. ನಮ್ಮಲ್ಲಿ ಅದು ಹೆಚ್ಚಾಗಿ ಕೇಳುವುದು ಕಾರುಗಳು ಹಿಂದಕ್ಕೆ ಬರುವಾಗ.

ಎರಡು ಸಾಲು ನುಡಿಸಿರಲಿಲ್ಲ, ಗೇಟಿನಿಂದ ಸೀಟಿ ಊದುತ್ತ ವಾಚ್‌ಮನ್ ಓಡಿಬಂದರು.

"ಬರ್ಲಿ, ಬರ್ಲಿ, ಸ್ವಲ್ಪ ಲೆಫ್ಟು, ಇನ್ನೂ ಬರ್ಲಿ, ಸ್ಟಾಪ್ ಸ್ಟಾಪ್."

ಕಾರಿನ ಡಿಕ್ಕಿ ತಟ್ಟುವ ಅಭ್ಯಾಸದಲ್ಲಿ ನನ್ನ ಕೀಬೋರ್ಡನ್ನು ಎರಡು ಬಾರಿ ತಟ್ಟಿದರು. ಅರ್ಧ ಗಂಟೆಯಲ್ಲಿ ಇದು ಮೂರು ಸಲ ನಡೆಯಿತು.

ಮಾಲೀಕರ ಷರತ್ತು ನಿವಾಸಿಗಳನ್ನು ಕುರಿತದ್ದು, ವಾಚ್‌ಮನ್ ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು ವ್ಯಾಖ್ಯಾನಿಸಿಕೊಂಡು ಅವರನ್ನು ಕಂಬದ ಮರೆಗೆ ಕರೆದೆ. ಈ ಹಾಡು ಕಾರಿನದಲ್ಲ, ಕಾರು ಹುಟ್ಟುವ ಮೊದಲೇ ಹುಟ್ಟಿದ್ದು. ಇದು ಕೇಳಿಸಿದಾಗ ನಿಂತಲ್ಲೇ ಸುಮ್ಮನೆ ನಿಂತು ಕೇಳಬೇಕು, ನಡುವೆ ಕೂಗಬಾರದು ಎಂದೆ.

ಅವರ ಮುಖ ಪಶ್ಚಾತ್ತಾಪದಿಂದ ಬಾಡಿತು. "ಯಾರೂ ಹೇಳಿರ್ಲಿಲ್ಲ ಮೇಡಂ. ಹನ್ನೊಂದು ವರ್ಷದಿಂದ ಮಧ್ಯದಲ್ಲಿ ಬಾಯಿ ಹಾಕ್ತಿದೀನಿ."

ಅವಿರೋಧ

ಭಾನುವಾರ ಸಂಜೆ ಕ್ವಿಜ್. ಶಾಲೆಯ ಮಾಲೀಕರು ಮುಂದಿನ ಸಾಲಿನಲ್ಲಿ ಕುಳಿತು ನನ್ನ ತುಟಿಗಳನ್ನೇ ಕಾಯುತ್ತಿದ್ದರು. ಎರಡು ತಂಡಗಳೂ ಎಲ್ಲ ಪ್ರಶ್ನೆಗಳಿಗೂ ತಪ್ಪು ಉತ್ತರ ಕೊಟ್ಟವು. ಅಧ್ಯಕ್ಷರು ಎಲ್ಲವನ್ನೂ ಸರಿ ಎಂದರು. ನಾನು ಅಂಕ ಬರೆದುಕೊಂಡೆ.

ಕೊನೆಯ ಪ್ರಶ್ನೆಗೆ ಜಾರುಬಂಡಿಯ ಹಾಡು ನುಡಿಸಿ ಕೇಳಿದೆ: "ಇದರ ಮೂಲ?"

"ರಿವರ್ಸ್ ಗೇರ್," ಎಂದವು ಎರಡೂ ತಂಡಗಳು, ಒಂದೇ ಉಸಿರಿಗೆ.

ಅಧ್ಯಕ್ಷರು ನನ್ನತ್ತ ತಿರುಗಿದರು. ನನ್ನ ಮುಖದಲ್ಲಿ ಏನು ಕಂಡಿತೋ, ಸಂಘದ ಸಭೆಯ ಪದ್ಧತಿಯನ್ನೇ ಹಿಡಿದರು. "ಡೌಟ್ ಇದ್ರೆ ವೋಟಿಗೆ ಹಾಕೋಣ. ಒಪ್ಪುವವರು ಕೈಯೆತ್ತಿ."

ಸಭಾಂಗಣವೆಲ್ಲ ಕೈಯೆತ್ತಿತು. ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಮಾತ್ರ ಎತ್ತಲಿಲ್ಲ. ನನ್ನತ್ತ ನೋಡಿ ಬೇಸರದಿಂದ ತಲೆಯಾಡಿಸಿದರು.

"ವಾಚ್‌ಮನ್‌ಗೆ ವೋಟಿಲ್ಲ," ಎಂದರು ಅಧ್ಯಕ್ಷರು. "ಅವಿರೋಧ."

ನಾನು ಎರಡೂ ತಂಡಗಳಿಗೆ ಪೂರ್ತಿ ಅಂಕ ಕೊಟ್ಟೆ.

ಮಾಲೀಕರು ಪಾರ್ಕಿಂಗ್‌ವರೆಗೂ ನಗುತ್ತಲೇ ಬಂದರು. "ನೋಡಿ, ಒಬ್ಬರನ್ನೂ ತಿದ್ದಲಿಲ್ಲ. ಇದೇ ಮೇಡಂ ನಮ್ಗೆ ಬೇಕಾಗಿರೋದು. ನಾಳೆ ಬಂದು ಪರ್ಮನೆಂಟ್ ಲೆಟರ್ ತಗೊಳ್ಳಿ."

ಕಾರು ಹತ್ತಿದರು. ಅದರ ಹಿಂದೆ, ನಿವಾಸಿಗಳು ಮೂರು ದಿನ ಕೂತು ಸಿಂಗರಿಸಿದ್ದ ಆಳೆತ್ತರದ ಕ್ರಿಸ್‌ಮಸ್ ಮರ. ಮಾಲೀಕರು ರಿವರ್ಸ್ ಗೇರ್ ಹಾಕಿದರು. ಜಾರುಬಂಡಿಯ ಹಾಡು ಶುರುವಾಯಿತು.

ಮರದ ಪಕ್ಕದಲ್ಲೇ ವಾಚ್‌ಮನ್ ಇದ್ದರು. ಬಾಯಿಯ ಸೀಟಿ ತೆಗೆದು ಜೇಬಿಗಿಟ್ಟರು. ಟೋಪಿ ಕಳಚಿ, ಕೈಮುಗಿದು, ಕಣ್ಣು ಮುಚ್ಚಿ ನಿಂತರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾರು ಅವರನ್ನು ದಾಟಿ, ನಿಧಾನವಾಗಿ, ಯಾವ ಅಡೆತಡೆಯೂ ಇಲ್ಲದೆ ಮರದೊಳಕ್ಕೆ ಹೊಕ್ಕಿತು.

ಕಿಟಕಿಯಿಂದ ಮಾಲೀಕರ ತಲೆ ಹೊರಬಂತು. ಅದರ ಮೇಲೆ ಹತ್ತಿಯ ಹಿಮವಿತ್ತು. "ಏನ್ರೀ, ಪಕ್ಕದಲ್ಲೇ ನಿಂತಿದೀರಿ. ಸ್ಟಾಪ್ ಅನ್ನಕ್ಕೆ ಏನಾಗಿತ್ತು ನಿಮ್ಗೆ?"

ಹಾಡು ಇನ್ನೂ ನುಡಿಯುತ್ತಿತ್ತು. ವಾಚ್‌ಮನ್ ತುಟಿಯ ಮೇಲೆ ಬೆರಳಿಟ್ಟು, ತಾಳಿ ಎಂದು ಸನ್ನೆ ಮಾಡಿದರು. ಮಾಲೀಕರು ಗೇರ್ ತೆಗೆದರು, ಹಾಡು ನಿಂತಿತು, ಆಮೇಲೆ ವಾಚ್‌ಮನ್ ಟೋಪಿ ಹಾಕಿಕೊಂಡು ವಿನಯದಿಂದ ಹೇಳಿದರು:

"ಹಾಡಿನ ಮಧ್ಯೆ ಕೂಗಬಾರದು ಸಾರ್. ಮೊದ್ಲು ನಾನೂ ತಪ್ಪು ಮಾಡ್ತಿದ್ದೆ. ಈ ಮೇಡಮ್ಮೇ ತಿದ್ದಿದ್ರು."